ತಂದೆಯವರ ಬಾಯಲ್ಲಿ ಒಂದೂ ಹಲ್ಲಿಲ್ಲ: ಎರಡೂ ದವಡೆಗೆ ಇಂಪ್ಲಾಂಟ್ ಬೇಕೆ, ಕೆಳಗಿನದಕ್ಕೆ ಮಾತ್ರ ಸಾಕೆ?

ಕಬ್ಬಿನಗದ್ದೆ, ಮದ್ದೂರು:
ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ 68 ವರ್ಷ. ಒಸಡಿನ ಕಾಯಿಲೆಯಿಂದ ಹಲ್ಲುಗಳು ಒಂದೊಂದಾಗಿ ಅಲುಗಾಡಿ ಬಿದ್ದುಹೋದವು; ಉಳಿದಿದ್ದ ಕೆಲವನ್ನು ಕೀಳಿಸಿ ನಾಲ್ಕು ವರ್ಷದ ಹಿಂದೆ ಪೂರ್ತಿ ಸೆಟ್ಟು ಮಾಡಿಸಿದೆವು. ಮೇಲಿನ ಸೆಟ್ಟು ಅಂಗುಳಿಗೆ ಕಚ್ಚಿಕೊಂಡು ಕೂರುತ್ತದೆ. ಕೆಳಗಿನದು ಮಾತನಾಡಿದರೂ ಏಳುತ್ತದೆ, ಆಕಳಿಸಿದರೂ ಏಳುತ್ತದೆ. ಮದುವೆ ಮನೆಯಲ್ಲಿ ಎಲೆಯ ಮುಂದೆ ಕುಳಿತ ಕೂಡಲೇ ಅದನ್ನು ತೆಗೆದು, ಕರ್ಚೀಫಿನಲ್ಲಿ ಸುತ್ತಿ, ಅಂಗಿಯ ಜೇಬಿಗೆ ಹಾಕಿಕೊಂಡು ಅನ್ನ, ಪಾಯಸ, ಮೊಸರಿನಲ್ಲೇ ಊಟ ಮುಗಿಸುತ್ತಾರೆ. ಮುದ್ದೆಗೆ ಹಲ್ಲಿನ ಹಂಗಿಲ್ಲ, ನುಂಗಿದರಾಯಿತು. ಆದರೆ ಬಸ್ಸಾರಿನ ಕಾಳು, ನಾಟಿಕೋಳಿ ಸಾರಿನ ತುಂಡು, ಹಬ್ಬದ ಚಕ್ಕುಲಿ, ಇವೆಲ್ಲ ತಟ್ಟೆಯ ಅಂಚಿನಲ್ಲೇ ಉಳಿಯುತ್ತವೆ.

ಮೈಸೂರಿನಲ್ಲಿ ಮೂರು ಕಡೆ ತೋರಿಸಿದೆವು. ಒಬ್ಬರು ಎರಡೂ ದವಡೆಗೆ ನಾಲ್ಕು ನಾಲ್ಕು ಇಂಪ್ಲಾಂಟ್, ಅಂದರೆ ಮೂಳೆಯೊಳಗೆ ಕೂರುವ ತಿರುಪು, ಹಾಕಿ ತೆಗೆಯಲಾಗದಂತೆ ಹಲ್ಲು ಕೂರಿಸುತ್ತೇವೆ, 5 ಲಕ್ಷ 80 ಸಾವಿರ ಆಗುತ್ತದೆ ಎಂದರು. ಇನ್ನೊಬ್ಬರು ದವಡೆಗೆ ಆರಾರು ಬೇಕು, ಮೇಲೆ ಮೂಳೆಯನ್ನೂ ತುಂಬಬೇಕು, 8 ಲಕ್ಷ ದಾಟುತ್ತದೆ ಎಂದರು. ಮೂರನೆಯವರು ಕೆಳದವಡೆಗೆ ಎರಡೇ ಇಂಪ್ಲಾಂಟ್ ಹಾಕಿ ಅದರ ಮೇಲೆ ಸೆಟ್ಟು ಸಿಕ್ಕಿಸಿದರೆ ಸಾಕು, ಒಂದು ಲಕ್ಷದ ಆಸುಪಾಸಿನಲ್ಲಿ ಮುಗಿಯುತ್ತದೆ ಎಂದರು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದಾರೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಹಳೇ ಅಗ್ರಹಾರ:
ಮೂರು ವೈದ್ಯರು ಮೂರು ಲೆಕ್ಕ ಕೊಟ್ಟಿದ್ದಾರೆ ಎಂದರೆ ಮೊದಲು ಕೇಳಬೇಕಾದದ್ದು ಹಣದ ವಿಷಯವಲ್ಲ. ಮೂಳೆಯ ಸ್ಕ್ಯಾನ್ ನೋಡಿ ಹೇಳಿದವರು ಎಷ್ಟು ಮಂದಿ, ಬರೀ ಬಾಯಿ ನೋಡಿ ಹೇಳಿದವರು ಎಷ್ಟು ಮಂದಿ?

ಕಬ್ಬಿನಗದ್ದೆ, ಮದ್ದೂರು:
ಸ್ಕ್ಯಾನ್ ಯಾರೂ ತೆಗೆಸಲಿಲ್ಲ ಸರ್. ಒಬ್ಬರು ಉದ್ದನೆಯ ಎಕ್ಸ್‌ರೇ ಮಾತ್ರ ತೆಗೆದರು.

ದಂತವೈದ್ಯೆ, ಸರಸ್ವತಿಪುರಂ:
ನಾನು ಕೃತಕ ಹಲ್ಲು ಕಟ್ಟುವ ವಿಭಾಗದಲ್ಲಿ ಎಂ.ಡಿ.ಎಸ್., ಅಂದರೆ ದಂತವೈದ್ಯದ ಸ್ನಾತಕೋತ್ತರ ಪದವಿ, ಮಾಡಿದವಳು. ರೋಗಿಯನ್ನು ನೋಡದೆ ಇದನ್ನೇ ಮಾಡಿಸಿ ಎಂದು ಹೇಳಲಾರೆ. ಆದರೆ ಮೂವರೂ ಬೇರೆ ಬೇರೆ ಹೇಳಿದ್ದು ಏಕೆ ಎಂಬುದನ್ನು ವಿವರಿಸಬಲ್ಲೆ.

ಹಲ್ಲು ಕಿತ್ತ ಮೇಲೆ ಅದನ್ನು ಹಿಡಿದಿದ್ದ ದವಡೆಯ ಮೂಳೆಗೆ ಕೆಲಸವಿಲ್ಲದೆ ಅದು ಕರಗತೊಡಗುತ್ತದೆ. ಮೊದಲ ವರ್ಷದಲ್ಲಿ ಹೆಚ್ಚು, ಆಮೇಲೆ ನಿಧಾನವಾಗಿ, ಆದರೆ ನಿಲ್ಲದೆ. ಸೆಟ್ಟು ಧರಿಸಿದವರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನದಲ್ಲಿ ಕೆಳದವಡೆಯ ಮೂಳೆ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಸವೆದಿರುವುದು ಕಂಡುಬಂದಿದೆ. ಜೊತೆಗೆ, ಕೆಳಗಿನ ಸೆಟ್ಟಿಗೆ ಕೂರಲು ಸಿಗುವ ಜಾಗವೇ ಮೇಲಿನದರ ಅರ್ಧದಷ್ಟು. ಮೇಲಿನ ಸೆಟ್ಟಿಗೆ ಅಂಗುಳು ಆಸರೆಯಾಗಿ, ನಡುವಿನ ಗಾಳಿ ಹೊರಹೋಗಿ ಅದು ಅಂಟಿಕೊಳ್ಳುತ್ತದೆ. ಕೆಳಗಿನದಕ್ಕೆ ಒಂದು ಕಡೆ ನಾಲಿಗೆ, ಇನ್ನೊಂದು ಕಡೆ ಕೆನ್ನೆ, ಎರಡೂ ಸೇರಿ ಅದನ್ನು ಎತ್ತುತ್ತಲೇ ಇರುತ್ತವೆ. ಹಾಗಾಗಿ ನಿಮ್ಮ ತಂದೆಯವರ ತೊಂದರೆ ಸೆಟ್ಟು ಮಾಡಿದವರ ಕೈಗುಣದಿಂದಲೇ ಬಂದದ್ದು ಎಂದು ಹೇಳಲಾಗದು.

ಇಂಪ್ಲಾಂಟ್ ಎಂದರೆ ಮೂಳೆಯೊಳಗೆ ತಿರುಗಿಸಿ ಕೂರಿಸುವ ಟೈಟಾನಿಯಂ ತಿರುಪು. ಸಾಮಾನ್ಯವಾಗಿ ಸುಮಾರು 4 ಮಿಲಿಮೀಟರ್ ದಪ್ಪ, 10ರಿಂದ 13 ಮಿಲಿಮೀಟರ್ ಉದ್ದ. ಒಂದು ದವಡೆಯ ಹಲ್ಲುಗಳಿಗೆ ಅಷ್ಟೇ ಸಂಖ್ಯೆಯ ಇಂಪ್ಲಾಂಟ್ ಬೇಕಿಲ್ಲ. ನಾಲ್ಕರ ವಿಧಾನವನ್ನು ಬಳಕೆಗೆ ತಂದವರು ಪೋರ್ಚುಗಲ್‌ನ ದಂತವೈದ್ಯ ಪಾಲೋ ಮಾಲೋ. ಮುಂದಿನ ಎರಡನ್ನು ನೇರವಾಗಿಯೂ ಹಿಂದಿನ ಎರಡನ್ನು 45 ಡಿಗ್ರಿಯವರೆಗೆ ಓರೆಯಾಗಿಯೂ ಕೂರಿಸಿದರೆ, ಹಿಂಭಾಗದಲ್ಲಿ ಮೂಳೆ ಕಡಿಮೆಯಿದ್ದರೂ ಬಹಳಷ್ಟು ಜನರಲ್ಲಿ ಮೂಳೆ ತುಂಬುವ ಶಸ್ತ್ರಚಿಕಿತ್ಸೆ ತಪ್ಪುತ್ತದೆ. ಆರು ಹಾಕುವವರ ವಾದ, ಒಂದು ಕೈಕೊಟ್ಟರೂ ಉಳಿದವು ಭಾರ ಹೊರುತ್ತವೆ ಎಂಬುದು. ಎರಡು ಹಾಕುವವರೂ ಕಡಿಮೆ ತಿಳಿದವರೇನಲ್ಲ. 2002ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು, ಹಲ್ಲಿಲ್ಲದ ಕೆಳದವಡೆಗೆ ಎರಡು ಇಂಪ್ಲಾಂಟ್‌ಗಳ ಮೇಲೆ ಕೂರುವ ಸೆಟ್ಟೇ ಮೊದಲ ಆಯ್ಕೆಯಾಗಬೇಕು, ಬರಿಯ ಸೆಟ್ಟಲ್ಲ ಎಂಬ ಒಮ್ಮತಕ್ಕೆ ಬಂದರು. 2009ರಲ್ಲಿ ಇಂಗ್ಲೆಂಡಿನ ಯಾರ್ಕ್‌ನಲ್ಲಿಯೂ ಅದೇ ಮಾತಾಯಿತು.

ಮೂರೂ ಸರಿಯಾದ ಚಿಕಿತ್ಸೆಗಳೇ. ನಿಮ್ಮ ತಂದೆಯವರಿಗೆ ಯಾವುದು ಎಂಬುದನ್ನು ದವಡೆಯ ಮೂಳೆಯನ್ನು ಮೂರು ಆಯಾಮಗಳಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಮತ್ತು ರಕ್ತಪರೀಕ್ಷೆ ಇಲ್ಲದೆ ಹೇಳಿದರೆ ಅದು ಊಹೆಯಾಗುತ್ತದೆ.

ಬೆಲ್ಲದಚ್ಚು, ಪಾಂಡವಪುರ:
ಎಲ್ಲವನ್ನೂ ಓದಿದೆ. ಆದರೆ 68ರ ವಯಸ್ಸಿನಲ್ಲಿ 6 ಲಕ್ಷ ರೂಪಾಯಿಯನ್ನು ಬಾಯೊಳಗೆ ಹೂಳುವುದು ವಿವೇಕವೇ ಎಂದು ಯಾರೂ ಕೇಳುತ್ತಿಲ್ಲವಲ್ಲ! ನಮ್ಮ ಅಜ್ಜಿ ಒಂದೂ ಹಲ್ಲಿಲ್ಲದೆ ತೊಂಬತ್ತು ದಾಟಿದರು. ಒಸಡಿನಲ್ಲೇ ನಿಪ್ಪಟ್ಟು ಮುರಿಯುತ್ತಿದ್ದರು. ಎಲೆ ಅಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿಕೊಂಡು ಹಾಕಿಕೊಳ್ಳುತ್ತಿದ್ದರು. ಈಗ ಹೋರ್ಡಿಂಗ್‌ನಲ್ಲಿ ನಗುವ ಮುದುಕರ ಚಿತ್ರ ನೋಡಿ ಎಲ್ಲರಿಗೂ ಇಂಪ್ಲಾಂಟ್ ಬೇಕಾಗಿದೆ.

ಕುವೆಂಪುನಗರದ ಸೊಸೆ:
ಅಜ್ಜಿಯರನ್ನು ಮುಂದಿಟ್ಟುಕೊಂಡು ವಾದ ಮಾಡುವವರನ್ನು ಕಂಡರೆ ನನಗೆ ರೇಗುತ್ತದೆ. ನಿಮ್ಮ ಅಜ್ಜಿ ನಿಪ್ಪಟ್ಟು ಮುರಿದದ್ದು ನಿಮಗೆ ನೆನಪಿದೆ, ಏನೇನನ್ನು ತಿನ್ನುವುದನ್ನೇ ಬಿಟ್ಟಿದ್ದರು ಎಂಬುದು ನೆನಪಿದೆಯೇ? ನಮ್ಮ ಅತ್ತೆಯವರು ಹಲ್ಲು ಹೋದ ಮೇಲೆ ಮೊದಲು ಸೌತೆಕಾಯಿ, ಕ್ಯಾರೆಟ್ ಬಿಟ್ಟರು. ಆಮೇಲೆ ಕಾಳುಗಳನ್ನು ಬಿಟ್ಟರು. ಕೊನೆಗೆ ಉಳಿದದ್ದು ಮೆತ್ತಗಿನ ಅನ್ನ, ಹಾಲಿನಲ್ಲಿ ನೆನೆಸಿದ ಬ್ರೆಡ್ಡು, ಗಂಜಿ. ಅವರಿಗೂ ಸಕ್ಕರೆ ಕಾಯಿಲೆ. ನಾರಿನಂಶವೆಲ್ಲ ಕಡಿಮೆಯಾಗಿ ಬರೀ ಪಿಷ್ಟವನ್ನೇ ತಿಂದರೆ ಸಕ್ಕರೆ ಏರದೆ ಇನ್ನೇನಾಗುತ್ತದೆ? ಕೆಳದವಡೆಗೆ ಎರಡು ಇಂಪ್ಲಾಂಟ್ ಹಾಕಿಸಿದ ಮೇಲೆ ಹುರುಳಿಕಾಳಿನ ಬಸ್ಸಾರನ್ನು ಕಾಳು ಸಮೇತ ಊಟ ಮಾಡುತ್ತಿದ್ದಾರೆ. ವಯಸ್ಸನ್ನೇ ತೂಕ ಮಾಡುವುದಾದರೆ, 68ರವರು ಇನ್ನೂ ಇಪ್ಪತ್ತು ವರ್ಷ ಬದುಕಬಹುದು.

ಬೆಲ್ಲದಚ್ಚು, ಪಾಂಡವಪುರ:
ತಾಯಿ, ಸಿಟ್ಟಾಗಬೇಡಿ. ನೀವು ಹಾಕಿಸಿದ್ದೂ ಎರಡೇ. ನನ್ನ ವಾದ ಎಂಟು, ಹನ್ನೆರಡರ ವಿರುದ್ಧ.

ನಿವೃತ್ತ ಮೇಷ್ಟ್ರು, ಯಾದವಗಿರಿ:
ನಾನು ಎರಡೂ ದವಡೆಗೆ ಹಾಕಿಸಿಕೊಂಡವನು; ಮೇಲೆ ಆರು, ಕೆಳಗೆ ನಾಲ್ಕು. ಹಾಗಾಗಿ ಬೆಲ್ಲದಚ್ಚು ಅವರ ಕೋರ್ಟಿನಲ್ಲಿ ಅಪರಾಧಿಯ ಸ್ಥಾನದಲ್ಲಿ ನಿಂತು ಮಾತನಾಡುತ್ತಿದ್ದೇನೆ.

ಶಸ್ತ್ರಚಿಕಿತ್ಸೆಯ ಸಮಯದಲ್ಲಿ ನೋವು ತಿಳಿಯಲಿಲ್ಲ. ಮರಗಟ್ಟುವ ಇಂಜೆಕ್ಷನ್ನಿನ ಕೆಳಗೆ ಬರೀ ಒತ್ತಡ ಮತ್ತು ಡ್ರಿಲ್ಲಿನ ಅದುರು. ಊತ ಮೂರನೆಯ ದಿನ ಹೆಚ್ಚಾಗಿ, ಕಣ್ಣಿನ ಕೆಳಗೆ ನೀಲಿಗಟ್ಟಿ, ವಾರದಲ್ಲಿ ಇಳಿಯಿತು. ತಾತ್ಕಾಲಿಕ ಹಲ್ಲುಗಳನ್ನು ಆ ವಾರದಲ್ಲೇ ಕೂರಿಸಿದರು. ಕನ್ನಡಿ ನೋಡಿಕೊಂಡು ಕೆಲಸ ಮುಗಿಯಿತು ಎಂದುಕೊಳ್ಳುವವರು ಇಲ್ಲಿಯೇ ಎಡವುತ್ತಾರೆ. ತಿರುಪು ಮೂಳೆಗೆ ಬೆಸೆದುಕೊಳ್ಳಲು ಕೆಳದವಡೆಯಲ್ಲಿ ಮೂರು ತಿಂಗಳಾದರೂ ಬೇಕು, ಮೇಲಿನದರಲ್ಲಿ ನಾಲ್ಕರಿಂದ ಆರು ತಿಂಗಳು. ಅಲ್ಲಿಯವರೆಗೆ ಹಲ್ಲು ಇದ್ದರೂ ಅಗಿಯುವಂತಿಲ್ಲ. ಮೆತ್ತಗೆ ಬೆಂದ ಅನ್ನ, ಇಡ್ಲಿ, ತರಿಯಿಲ್ಲದ ಉಪ್ಪಿಟ್ಟು, ಇಷ್ಟೇ. ಅಂಥ ದಿನಗಳಲ್ಲೇ ಮೊಮ್ಮಗಳ ನಾಮಕರಣ ಬಂದು, ಎದುರಿಗಿದ್ದ ಮೈಸೂರು ಪಾಕನ್ನು ನೋಡಿಕೊಂಡು ಕುಳಿತಿದ್ದೆ. ತುಪ್ಪದ ಮೆತ್ತನೆಯದಾಗಿದ್ದರೆ ತಿನ್ನಬಹುದಿತ್ತು, ಅಂದು ಬಂದದ್ದು ಗಟ್ಟಿಯದು.

ಮಾತು ಮೊದಮೊದಲು ತೊದಲಿತು. ‘ಸ’ ಮತ್ತು ‘ಶ’ ಎರಡೂ ಸೀಟಿಯಾಗಿ ಬರುತ್ತಿದ್ದವು. ಗಟ್ಟಿಯಾಗಿ ಓದುವ ಅಭ್ಯಾಸದಿಂದ ಸರಿಹೋಯಿತು. ಹಲ್ಲಿಗೂ ಒಸಡಿಗೂ ನಡುವಿನ ಸಂದಿಯಲ್ಲಿ ಅನ್ನದ ಅಗುಳು, ಸೊಪ್ಪಿನ ಚೂರು ಸೇರುತ್ತವೆ. ಊಟವಾದ ಮೇಲೆ ಸಣ್ಣ ಬ್ರಷ್ಷನ್ನು ಸಂದಿಗೆ ತೂರಿಸಬೇಕು, ರಾತ್ರಿ ನೀರು ಚಿಮ್ಮಿಸುವ ಯಂತ್ರದಿಂದ ಅಡಿಭಾಗವನ್ನು ತೊಳೆಯಬೇಕು. ಹೊರಗಡೆ ಊಟಕ್ಕೆ ಹೋದರೆ ಕೈತೊಳೆಯುವ ಜಾಗದಲ್ಲಿ ನಾನೇ ಕೊನೆಯವನು. ಇದನ್ನು ತಪ್ಪದೆ ಮಾಡುವವರಿಗೆ ಮಾತ್ರ ತೆಗೆಯಲಾಗದ ಹಲ್ಲು ಹೇಳಿಸಿದ್ದು.

ಇದರ ಹಿಂದಿರುವ ಶೋಧನೆಯ ಬಗ್ಗೆ ಒಂದು ಮಾತು. ಸ್ವೀಡನ್ನಿನ ಬ್ರೋನೆಮಾರ್ಕ್ ಅವರು 1950ರ ದಶಕದ ಆರಂಭದಲ್ಲಿ ಮೊಲದ ಕಾಲಿನ ಮೂಳೆಯೊಳಗೆ ರಕ್ತ ಹೇಗೆ ಹರಿಯುತ್ತದೆ ಎಂದು ನೋಡಲು ಟೈಟಾನಿಯಂನ ಪುಟ್ಟ ಸಾಧನವನ್ನು ಇಟ್ಟಿದ್ದರು. ಪ್ರಯೋಗ ಮುಗಿದ ಮೇಲೆ ತೆಗೆಯಲು ಹೋದರೆ ಅದು ಮೂಳೆಗೆ ಬೆಸೆದುಹೋಗಿತ್ತು. 1965ರಲ್ಲಿ ಮೊದಲ ಬಾರಿಗೆ ಒಬ್ಬ ಮನುಷ್ಯನ ದವಡೆಗೆ ಅಂಥ ತಿರುಪುಗಳನ್ನು ಹಾಕಿದರು. ಆ ರೋಗಿ 2006ರಲ್ಲಿ ತೀರಿಕೊಳ್ಳುವವರೆಗೂ, ಅಂದರೆ ನಲವತ್ತು ವರ್ಷಗಳ ಕಾಲ, ಅವು ಅವರ ಬಾಯಲ್ಲಿ ಕೆಲಸ ಮಾಡಿದವು.

ಬೆಲ್ಲದಚ್ಚು, ಪಾಂಡವಪುರ:
ಮೇಷ್ಟ್ರೇ, ಪಾಠ ಚೆನ್ನಾಗಿದೆ. ಆದರೆ ಆ ರೋಗಿಗೆ ಹಾಕಿದವರು ಸ್ವತಃ ಕಂಡುಹಿಡಿದವರು. ನಮಗೆ ಹಾಕುವವರು ಯಾರು?

ಚಿಗುರೆಲೆ, ಮಂಡ್ಯ:
ಬೆಲ್ಲದಚ್ಚು ಅವರ ಪ್ರಶ್ನೆಗೆ ನಮ್ಮ ಚಿಕ್ಕಮ್ಮನ ಅನುಭವವೇ ಉತ್ತರ. ಒಂದು ಕ್ಲಿನಿಕ್ಕಿನಲ್ಲಿ, ಹೆಸರು ಬೇಡ, ಕಂತಿನ ಸಾಲ ಕೊಡಿಸಿ ಕೆಳಗೆ ನಾಲ್ಕು ಇಂಪ್ಲಾಂಟ್ ಹಾಕಿದರು. ತಿರುಪು ಕೂರಿಸಿದವರು ಬೆಂಗಳೂರಿನಿಂದ ತಿಂಗಳಿಗೊಮ್ಮೆ ಬಂದುಹೋಗುವ ಸರ್ಜನ್. ಹಲ್ಲು ಕಟ್ಟಿದವರು ಕ್ಲಿನಿಕ್ಕಿನವರು. ಒಂದೂವರೆ ವರ್ಷದಲ್ಲಿ ಎರಡು ತಿರುಪಿನ ಸುತ್ತ ಒಸಡು ಊದಿ ಕೀವಾಯಿತು. ಅಷ್ಟರಲ್ಲಿ ಕ್ಲಿನಿಕ್ ಮುಚ್ಚಿತ್ತು, ಸರ್ಜನ್ ಫೋನಿಗೆ ಸಿಗಲಿಲ್ಲ. ಬೇರೆ ವೈದ್ಯರ ಬಳಿ ಹೋದರೆ ಅವರು ಕೇಳಿದ ಮೊದಲ ಪ್ರಶ್ನೆ, ಇದು ಯಾವ ಕಂಪನಿಯ ಇಂಪ್ಲಾಂಟ್ ಎಂಬುದು. ನಮ್ಮ ಬಳಿ ಇದ್ದದ್ದು ಹಣ ಕಟ್ಟಿದ ರಸೀದಿ ಮಾತ್ರ. ಕಂಪನಿ ಗೊತ್ತಿಲ್ಲದೆ ಹಲ್ಲನ್ನು ಬಿಚ್ಚುವ ಸ್ಕ್ರೂಡ್ರೈವರ್ ಕೂಡ ಹೊಂದುವುದಿಲ್ಲವಂತೆ. ಕೊನೆಗೆ ಹಲ್ಲಿನ ಸೇತುವೆಯನ್ನು ಕತ್ತರಿಸಿಯೇ ತೆಗೆಯಬೇಕಾಯಿತು. ಎರಡು ತಿರುಪನ್ನು ಉಳಿಸಿ, ಎರಡನ್ನು ತೆಗೆದರು.

ಹಲ್ಲಿನ ಲ್ಯಾಬ್, ಮೈಸೂರು:
ಚಿಗುರೆಲೆ ಅವರು ಹೇಳಿದ್ದು ನಮ್ಮ ಲ್ಯಾಬಿಗೂ ಬರುವ ಗೋಳು. ಅಳತೆ ಕಳಿಸುತ್ತಾರೆ, ಕಂಪನಿಯ ಹೆಸರು ಕಳಿಸುವುದಿಲ್ಲ. ಪ್ರತಿ ಇಂಪ್ಲಾಂಟಿನ ಡಬ್ಬಿಯ ಮೇಲೆ ಕಂಪನಿ, ಅಳತೆ, ಲಾಟ್ ಸಂಖ್ಯೆ ಇರುವ ಅಂಟುಚೀಟಿ ಇರುತ್ತದೆ. ಅದನ್ನು ಕಿತ್ತು ನಿಮ್ಮ ಫೈಲಿನಲ್ಲಿ ಅಂಟಿಸಿಕೊಡಿ ಎಂದು ಹಕ್ಕಿನಿಂದ ಕೇಳಿ. ಕೊಡಲು ಹಿಂಜರಿಯುವವರ ಬಳಿ ಮಾಡಿಸಬೇಡಿ.

ಇನ್ನು ಕಂಪನಿಯ ವಿಷಯ. ನೊಬೆಲ್ ಬಯೋಕೇರ್ ಸ್ವೀಡನ್ ಮೂಲದ್ದು, ಸ್ಟ್ರೌಮನ್ ಸ್ವಿಟ್ಜರ್ಲೆಂಡಿನದು, ಓಸ್ಟೆಮ್ ಕೊರಿಯಾದ್ದು. ಮೊದಲಿನ ಎರಡು ದುಬಾರಿ, ಮೂರನೆಯದು ಅಗ್ಗ, ನಮ್ಮಲ್ಲಿ ಸಾಕಷ್ಟು ಬಳಕೆಯಲ್ಲಿದೆ. ಹತ್ತು ವರ್ಷದ ಮೇಲೆ ಬಿಡಿಭಾಗ ಸಿಗುವ ಕಂಪನಿಯೇ ಎಂಬುದನ್ನು ನೋಡಿ. ಯಾವ ದೇಶದ್ದು ಎಂಬುದು ಎರಡನೆಯ ಮಾತು.

ಮೇಲೆ ಕೂರುವ ಹಲ್ಲಿನ ವಸ್ತುವಿನ ಬಗ್ಗೆ ಯಾರೂ ಕೇಳುವುದಿಲ್ಲ, ಆದರೆ ದಿನವೂ ಸವೆಯುವುದು ಅದೇ. ಟೈಟಾನಿಯಂ ಪಟ್ಟಿಯ ಮೇಲೆ ಅಕ್ರಿಲಿಕ್ ಹಲ್ಲು ಕೂರಿಸಿದರೆ ಹಗುರ, ಅಗ್ಗ. ಒಂದು ಹಲ್ಲು ಕಿತ್ತುಬಂದರೆ ಮರುದಿನವೇ ಅಂಟಿಸಿಕೊಡಬಹುದು. ಆದರೆ ವರ್ಷಗಳು ಕಳೆದಂತೆ ಸವೆದು ಬಣ್ಣ ಕೆಡುತ್ತದೆ. ಜಿರ್ಕೋನಿಯಾ ಎಂಬ ಪಿಂಗಾಣಿ ಬಗೆಯ ವಸ್ತು ಗಟ್ಟಿ, ಕಲೆ ಹಿಡಿಯುವುದಿಲ್ಲ, ನೋಡಲು ಚೆನ್ನ. ಆದರೆ ಒಡೆದರೆ ಬೆಸುಗೆ ಇಲ್ಲ, ಹೊಸದನ್ನೇ ಮಾಡಬೇಕು. ಎಲೆ ಅಡಿಕೆ ಹಾಕುವವರಿಗೆ ಅಕ್ರಿಲಿಕ್ ಕೆಂಪಗಾಗುವುದು ಖಂಡಿತ.

ನಿವೃತ್ತ ಮೇಷ್ಟ್ರು, ಯಾದವಗಿರಿ:
ಜಿರ್ಕೋನಿಯಾ ಒಡೆಯುತ್ತದೆ ಎಂದು ಹೆದರಿಸಬೇಡಿ. ನನ್ನದು ಜಿರ್ಕೋನಿಯಾ, ಇದುವರೆಗೆ ಒಂದು ಚೂರೂ ಎದ್ದಿಲ್ಲ.

ಹಲ್ಲಿನ ಲ್ಯಾಬ್, ಮೈಸೂರು:
ಹೆದರಿಸುತ್ತಿಲ್ಲ ಮೇಷ್ಟ್ರೇ. ಒಡೆದವರು ನಿಮ್ಮ ಮನೆಗೆ ಬರುವುದಿಲ್ಲ, ನಮ್ಮಲ್ಲಿಗೆ ಬರುತ್ತಾರೆ.

ಔಷಧ ಅಂಗಡಿ, ಶ್ರೀರಂಗಪಟ್ಟಣ:
ಒಂದು ಮುಖ್ಯವಾದ ವಿಷಯ ಇನ್ನೂ ಬಂದಿಲ್ಲ. ಮೂಳೆ ಸವೆತಕ್ಕೆ ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ ಮಾತ್ರೆ, ವರ್ಷಕ್ಕೊಮ್ಮೆ ಡ್ರಿಪ್ಪಿನಲ್ಲಿ ಕೊಡುವ ಜೋಲೆಡ್ರೊನಿಕ್ ಆಮ್ಲ, ಇವನ್ನು ತೆಗೆದುಕೊಳ್ಳುವ ಹಿರಿಯರು ಈಗ ಬಹಳ ಮಂದಿ ಇದ್ದಾರೆ. ದಂತವೈದ್ಯರು ಏನೇನು ಮಾತ್ರೆ ನುಂಗುತ್ತೀರಿ ಎಂದು ಕೇಳಿದರೆ ಬಿ.ಪಿ., ಶುಗರ್ ಎಂದು ಹೇಳಿ ಸುಮ್ಮನಾಗುತ್ತಾರೆ. ವರ್ಷಕ್ಕೊಮ್ಮೆಯ ಡ್ರಿಪ್ಪು ಯಾರಿಗೂ ನೆನಪಿಗೆ ಬರುವುದಿಲ್ಲ. ಇದು ದವಡೆಗೆ ಅಪಾಯವೇ ಅಲ್ಲವೇ ಮೇಡಂ?

ದಂತವೈದ್ಯೆ, ಸರಸ್ವತಿಪುರಂ:
ನೆನಪಿಸಿದ್ದು ಒಳ್ಳೆಯದಾಯಿತು. ಈ ಔಷಧಗಳು ಮೂಳೆಯ ಸಹಜ ಕರಗುವಿಕೆ ಮತ್ತು ಕಟ್ಟುವಿಕೆಯನ್ನು ತಡೆಯುತ್ತವೆ. ದವಡೆಯಲ್ಲಿ ಗಾಯ ಮಾಡಿದಾಗ, ಅಪರೂಪಕ್ಕೆ, ಅದು ಮಾಯದೆ ಮೂಳೆಯೇ ಸತ್ತು ಹೊರಗೆ ಕಾಣಿಸಿಕೊಳ್ಳುವುದುಂಟು. ಕ್ಯಾನ್ಸರಿಗಾಗಿ ದೊಡ್ಡ ಪ್ರಮಾಣದಲ್ಲಿ ಡ್ರಿಪ್ಪು ಪಡೆದವರಲ್ಲಿ ಅಪಾಯ ಬಹಳ ಹೆಚ್ಚು. ಮೂಳೆ ಸವೆತದ ಮಾತ್ರೆ ನುಂಗುವವರಲ್ಲಿ ಬಹಳ ಕಡಿಮೆ, ಆದರೆ ಇಲ್ಲವೆಂದಲ್ಲ. ಮೂಳೆ ಸವೆತಕ್ಕೇ ಕೊಡುವ ಡೆನೊಸುಮಾಬ್ ಇಂಜೆಕ್ಷನ್ನಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಕುತ್ತಿಗೆ ಅಥವಾ ದವಡೆಗೆ ರೇಡಿಯೇಷನ್ ಆಗಿದ್ದರೆ ಅದನ್ನೂ ಮುಚ್ಚಿಡಬಾರದು. ರಕ್ತ ತೆಳುವಾಗಿಸುವ ಮಾತ್ರೆಯನ್ನು ಯಾರೂ ತಾವಾಗಿಯೇ ನಿಲ್ಲಿಸಿಕೊಂಡು ಬರಬೇಡಿ. ಹೃದಯದ ವೈದ್ಯರು ಮತ್ತು ದಂತವೈದ್ಯರು ಮಾತನಾಡಿ ನಿರ್ಧರಿಸಬೇಕಾದ ವಿಷಯವದು.

ಸಕ್ಕರೆ ಕಾಯಿಲೆ ಇಂಪ್ಲಾಂಟಿಗೆ ಅಡ್ಡಿಯಲ್ಲ, ಹಿಡಿತದಲ್ಲಿಲ್ಲದ ಸಕ್ಕರೆ ಅಡ್ಡಿ. ಬೆಳಗಿನ ಖಾಲಿ ಹೊಟ್ಟೆಯ ಒಂದು ಅಂಕಿಯನ್ನು ನಾವು ನಂಬುವುದಿಲ್ಲ, ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ನೋಡುತ್ತೇವೆ. ಅದು 7ರ ಆಸುಪಾಸಿನಲ್ಲಿದ್ದರೆ ನಿರಾಳ, 8ನ್ನು ದಾಟಿದ್ದರೆ ನಾನಂತೂ ಕಾಯಿಸುತ್ತೇನೆ. ಬೀಡಿ, ಸಿಗರೇಟು ಮತ್ತು ಕಡ್ಡಿಪುಡಿ, ಇವು ಎಲ್ಲಕ್ಕಿಂತ ಕೆಟ್ಟ ಶತ್ರುಗಳು.

ಚಿಗುರೆಲೆ ಅವರ ಚಿಕ್ಕಮ್ಮನಿಗೆ ಆದದ್ದನ್ನು ಪೆರಿ-ಇಂಪ್ಲಾಂಟೈಟಿಸ್ ಎನ್ನುತ್ತೇವೆ. ಒಸಡಿನ ಕಾಯಿಲೆಯಿಂದ ಹಲ್ಲು ಕಳೆದುಕೊಂಡವರಿಗೆ ಇದು ಬರುವ ಸಾಧ್ಯತೆ ಹೆಚ್ಚು, ಮತ್ತು ಈ ಚರ್ಚೆಯನ್ನು ಆರಂಭಿಸಿದವರ ತಂದೆಯವರು ಹಲ್ಲು ಕಳೆದುಕೊಂಡದ್ದು ಒಸಡಿನ ಕಾಯಿಲೆಯಿಂದಲೇ. ಹತ್ತು ವರ್ಷದ ನಂತರವೂ ನೂರಕ್ಕೆ 90ಕ್ಕಿಂತ ಹೆಚ್ಚು ಇಂಪ್ಲಾಂಟ್‌ಗಳು ಬಾಯಲ್ಲಿ ಉಳಿದಿರುತ್ತವೆ ಎಂಬುದು ನಿಜ. ಆದರೆ ಉಳಿದಿರುವುದು ಬೇರೆ, ರೋಗವಿಲ್ಲದೆ ಉಳಿದಿರುವುದು ಬೇರೆ.

ಕಬ್ಬಿನಗದ್ದೆ, ಮದ್ದೂರು:
ಎಲ್ಲರಿಗೂ ಧನ್ಯವಾದ. ಅಪ್ಪ ಕಡ್ಡಿಪುಡಿಯನ್ನು ಬಿಟ್ಟಿದ್ದೇನೆ ಎನ್ನುತ್ತಾರೆ, ಅಮ್ಮ ನಗುತ್ತಾರೆ. ಇನ್ನು ಹಣದ ಪ್ರಶ್ನೆ. ಇನ್ಶೂರೆನ್ಸ್‌ನಲ್ಲಿ ಏನಾದರೂ ಬರುತ್ತದೆಯೇ? ಸರ್ಕಾರದ ಯೋಜನೆ ಇದೆಯೇ?

ಹಳೇ ಅಗ್ರಹಾರ:
ಸಾಮಾನ್ಯ ಆರೋಗ್ಯ ವಿಮೆಯಲ್ಲಿ ಅಪಘಾತದಿಂದ ಹಲ್ಲು ಹೋಗಿದ್ದರೆ ಹೊರತು ಹಲ್ಲಿನ ಚಿಕಿತ್ಸೆಗೆ ಹಣ ಬರುವುದಿಲ್ಲ. ಬಿಪಿಎಲ್ ಕಾರ್ಡು ಇರುವ ಹಿರಿಯರಿಗೆ ರಾಜ್ಯ ಸರ್ಕಾರದ ದಂತಭಾಗ್ಯ ಯೋಜನೆಯಲ್ಲಿ ಉಚಿತವಾಗಿ ಸೆಟ್ಟು ಮಾಡಿಕೊಡುತ್ತಾರೆ, ಆದರೆ ಅದು ಸೆಟ್ಟು, ಇಂಪ್ಲಾಂಟ್ ಅಲ್ಲ.

ಖಾಸಗಿ ಕ್ಲಿನಿಕ್ಕುಗಳನ್ನೇ ಸುತ್ತುವ ಬದಲು ಒಮ್ಮೆ ದಂತವೈದ್ಯ ಕಾಲೇಜಿಗೆ ಹೋಗಿ. ಮೈಸೂರಿನಲ್ಲಿ ಜೆ.ಎಸ್.ಎಸ್. ಇದೆ, ಫಾರೂಕಿಯಾ ಇದೆ. ಕಾಲೇಜುಗಳಲ್ಲಿ ಎಂ.ಡಿ.ಎಸ್. ಓದುತ್ತಿರುವವರು ಪ್ರಾಧ್ಯಾಪಕರ ಕಣ್ಗಾವಲಿನಲ್ಲಿ ಮಾಡುತ್ತಾರೆ. ಸರ್ಜನ್, ಒಸಡಿನ ತಜ್ಞರು, ಹಲ್ಲು ಕಟ್ಟುವವರು ಒಂದೇ ಕಟ್ಟಡದಲ್ಲಿ ಸಿಗುತ್ತಾರೆ. ಸಾಮಾನ್ಯವಾಗಿ ಖರ್ಚೂ ಕಡಿಮೆ. ಮುಖ್ಯವಾಗಿ, ಕಾಲೇಜು ಒಂದು ಬೆಳಿಗ್ಗೆ ಬಾಗಿಲು ಹಾಕಿಕೊಂಡು ಹೋಗುವುದಿಲ್ಲ, ನಿಮ್ಮ ಫೈಲು ಅಲ್ಲಿಯೇ ಇರುತ್ತದೆ.

ಕುವೆಂಪುನಗರದ ಸೊಸೆ:
ಕಾಲೇಜಿನಲ್ಲಿ ಕಾಯುವುದು ಜಾಸ್ತಿ ಎಂಬುದನ್ನೂ ಹೇಳಬೇಕಲ್ಲ. ಮದ್ದೂರಿನಿಂದ ಬೆಳಗಿನ ರೈಲಿಗೆ ಬಂದರೂ ಸಂಜೆಯವರೆಗೆ ಕೂರಬೇಕಾದೀತು. ಪರೀಕ್ಷೆಯ ಸಮಯದಲ್ಲಿ ಮುಂದಿನ ತಾರೀಕು ಕೊಡುತ್ತಾರೆ. ಹಿರಿಯರ ಜೊತೆ ಪ್ರತಿ ಸಲ ರಜೆ ಹಾಕಿ ಬರುವವರು ಯಾರು ಎಂಬುದನ್ನು ಮೊದಲೇ ಮನೆಯಲ್ಲಿ ತೀರ್ಮಾನಿಸಿಕೊಳ್ಳಿ; ನಮ್ಮ ಮನೆಯಲ್ಲಿ ಅದು ನಾನೇ ಆದೆ.

ಆಲೆಮನೆ ಹುಡುಗ:
ನನ್ನದೊಂದು ಸಣ್ಣ ಸಂದೇಹ. ಇಂಪ್ಲಾಂಟ್ ಹಾಕಿಸಿದವರು ಸಂಕ್ರಾಂತಿಗೆ ಕಬ್ಬು ತಿನ್ನಬಹುದೇ?

ನಿವೃತ್ತ ಮೇಷ್ಟ್ರು, ಯಾದವಗಿರಿ:
ಜಲ್ಲೆಯನ್ನು ಹಲ್ಲಿನಿಂದ ಸಿಗಿಯುವ ಆಸೆಯಿದ್ದರೆ ಬಿಟ್ಟುಬಿಡಿ. ಸಿಪ್ಪೆ ಹೆರೆದು ಸಣ್ಣ ತುಂಡು ಮಾಡಿ ಹಿಂದಿನ ಹಲ್ಲಿನಲ್ಲಿ ಅಗಿಯುತ್ತೇನೆ. ಎಳ್ಳು ಬೆಲ್ಲದ ಜೊತೆಗಿನ ಕೊಬ್ಬರಿ ಚೂರಿಗೂ ತೊಂದರೆಯಿಲ್ಲ, ಎಳ್ಳು ಮಾತ್ರ ಸಂದಿಗೆ ಹೋಗಿ ಪ್ರಾಣ ತಿನ್ನುತ್ತದೆ.

ದಂತವೈದ್ಯೆ, ಸರಸ್ವತಿಪುರಂ:
ಸ್ವಂತ ಹಲ್ಲಿನ ಬೇರಿನ ಸುತ್ತ ತೆಳುವಾದ ನಾರಿನ ಪದರವಿರುತ್ತದೆ. ಎಷ್ಟು ಗಟ್ಟಿಯಾಗಿ ಕಚ್ಚುತ್ತಿದ್ದೇವೆ ಎಂದು ಮೆದುಳಿಗೆ ತಿಳಿಸುವುದು ಅದು. ಇಂಪ್ಲಾಂಟಿಗೆ ಆ ಪದರವಿಲ್ಲ, ಹಾಗಾಗಿ ಅತಿಯಾಗಿ ಕಚ್ಚಿದರೂ ಬೇಗ ತಿಳಿಯುವುದಿಲ್ಲ. ಮೇಷ್ಟ್ರ ವಿಧಾನವೇ ಸರಿ.

ಕಬ್ಬಿನಗದ್ದೆ, ಮದ್ದೂರು:
ಕೆಲವು ವಾರಗಳ ನಂತರ ಬರೆಯುತ್ತಿದ್ದೇನೆ. ಕಾಲೇಜಿನಲ್ಲಿಯೇ ತೋರಿಸಿ ಸಿಬಿಸಿಟಿ ಮಾಡಿಸಿದೆವು. ಮೇಲ್ದವಡೆಯ ಹಿಂಭಾಗದಲ್ಲಿ ಸೈನಸ್, ಅಂದರೆ ಕೆನ್ನೆಯ ಮೂಳೆಯೊಳಗಿನ ಗಾಳಿಯ ಗೂಡು, ಕೆಳಗಿಳಿದು ಮೂಳೆ 3-4 ಮಿಲಿಮೀಟರ್ ಮಾತ್ರ ಉಳಿದಿದೆ, ಮುಂಭಾಗದಲ್ಲಿ ಪರವಾಗಿಲ್ಲ. ಕೆಳದವಡೆಯ ಮುಂಭಾಗ, ಗದ್ದದ ಕಡೆ, ಮೂಳೆ ಎತ್ತರವಾಗಿಯೂ ಗಟ್ಟಿಯಾಗಿಯೂ ಇದೆ. ಎಚ್‌ಬಿಎ1ಸಿ 8.6 ಬಂದಿದೆ. ಮೊದಲು ಸಕ್ಕರೆಯನ್ನು ಇಳಿಸಿಕೊಂಡು ಬನ್ನಿ ಎಂದರು. ಸದ್ಯಕ್ಕೆ ಹಳೆಯ ಕೆಳಗಿನ ಸೆಟ್ಟಿನ ಒಳಗೆ ಮೆತ್ತನೆಯ ಪದರ ಹಾಕಿ ಬಿಗಿ ಮಾಡಿಕೊಟ್ಟಿದ್ದಾರೆ. ಅಷ್ಟಕ್ಕೇ ಅರ್ಧ ತೊಂದರೆ ಕಡಿಮೆಯಾಗಿದೆ.

ಆಮೇಲೆ ಕೆಳಗೆ ಎರಡು ಇಂಪ್ಲಾಂಟ್ ಮತ್ತು ಸಿಕ್ಕಿಸುವ ಸೆಟ್ಟು, ಮೇಲೆ ಹೊಸ ಸೆಟ್ಟು ಎಂದು ತೀರ್ಮಾನಿಸಿದ್ದೇವೆ. ಅಪ್ಪನ ಮುಂದೆ 6 ಲಕ್ಷದ ಮಾತೆತ್ತಿದಾಗ ಅವರು, “ಲೋ ಮಗ, ಆ ದುಡ್ಡಲ್ಲಿ ಬೋರ್‌ವೆಲ್ ಕೊರ್ಸು, ನನ್ ದವ್ಡೆ ಯಾಕ್ಲಾ ಕೊರುಸ್ತೀಯ” ಎಂದುಬಿಟ್ಟರು. ಎರಡೇ ಸಾಕು ಎಂದ ಮೇಲೆ ಒಪ್ಪಿದ್ದಾರೆ.

ನಿವೃತ್ತ ಮೇಷ್ಟ್ರು, ಯಾದವಗಿರಿ:
ಅಪ್ಪನವರಿಗೆ ನನ್ನ ನಮಸ್ಕಾರ ತಿಳಿಸಿ. ಆದರೂ ಒಂದು ತಕರಾರು. ಹೇಗೂ ಒಸಡು ತೆರೆಯುತ್ತಾರೆ, ಗದ್ದದ ಮೂಳೆ ಚೆನ್ನಾಗಿದೆ. ಎರಡರ ಬದಲು ನಾಲ್ಕು ಹಾಕಿಸಿಬಿಟ್ಟರೆ ಮುಂದೆ ಮನಸ್ಸು ಬದಲಾದಾಗ ತೆಗೆಯಲಾಗದ ಹಲ್ಲನ್ನೇ ಕೂರಿಸಬಹುದಲ್ಲ?

ಬೆಲ್ಲದಚ್ಚು, ಪಾಂಡವಪುರ:
ಮುಂದೆ ಬದಲಾಗಬಹುದಾದ ಮನಸ್ಸಿಗೆ ಇಂದೇ ಹಣ ಕಟ್ಟಿಸುತ್ತಿದ್ದೀರಲ್ಲ ಮೇಷ್ಟ್ರೇ!

ದಂತವೈದ್ಯೆ, ಸರಸ್ವತಿಪುರಂ:
ಈ ವಾದದಲ್ಲಿ ಇಬ್ಬರ ಮಾತಿನಲ್ಲೂ ಹುರುಳಿದೆ. ಎರಡನ್ನು ಹಾಕುವಾಗಲೇ ಮುಂದೆ ಇನ್ನೆರಡಕ್ಕೆ ಜಾಗ ಉಳಿಯುವಂತೆ ಯೋಜಿಸಲು ಹೇಳಿ. ಅದಕ್ಕೆ ಹೆಚ್ಚಿನ ಖರ್ಚಿಲ್ಲ. ತಂದೆಯವರಿಗೆ ಒಸಡಿನ ಕಾಯಿಲೆಯ ಇತಿಹಾಸ, ಸಕ್ಕರೆ, ಕಡ್ಡಿಪುಡಿಯ ಸಂಶಯ ಮೂರೂ ಇರುವುದರಿಂದ, ತೆಗೆದು ತೊಳೆಯಬಹುದಾದ ಸೆಟ್ಟೇ ಅವರಿಗೆ ಕ್ಷೇಮ ಎಂದು ನನಗೂ ಅನಿಸುತ್ತದೆ.

ಎಚ್ಚರಿಕೆ ಒಂದಿದೆ. ಬರಿಯ ಸೆಟ್ಟಿನಲ್ಲಿ ಕಚ್ಚುವ ಬಲ ಸ್ವಂತ ಹಲ್ಲಿನ ಸುಮಾರು ನಾಲ್ಕನೆಯ ಒಂದು ಭಾಗ ಅಥವಾ ಅದಕ್ಕಿಂತ ಕಡಿಮೆ. ಕೆಳಗೆ ಇಂಪ್ಲಾಂಟ್ ಬಂದಾಗ ಅಲ್ಲಿ ಬಲ ಹೆಚ್ಚುತ್ತದೆ. ಅದನ್ನು ತಡೆದುಕೊಳ್ಳಬೇಕಾದದ್ದು ಮೇಲಿನ ಬರಿಯ ಸೆಟ್ಟು. ಮುಂದಿನ ಹಲ್ಲಿನಲ್ಲೇ ಕಚ್ಚುವ ಅಭ್ಯಾಸವಾದರೆ ಮೇಲ್ದವಡೆಯ ಮುಂಭಾಗದ ಮೂಳೆ ಬೇಗ ಸವೆಯುತ್ತದೆ. ಎರಡೂ ಬದಿಯ ಹಿಂದಿನ ಹಲ್ಲಿನಲ್ಲಿ ಅಗಿಯುವುದನ್ನು ರೂಢಿ ಮಾಡಿಸಿ, ವರ್ಷಕ್ಕೊಮ್ಮೆ ಮೇಲಿನ ಸೆಟ್ಟು ಸಡಿಲವಾಗಿದೆಯೇ ಎಂದು ತೋರಿಸಿ.

ಆಲೆಮನೆ ಹುಡುಗ:
ಸಿಕ್ಕಿಸುವ ಸೆಟ್ಟು ಎಂದರೆ ಹೇಗಿರುತ್ತದೆ? ರಾತ್ರಿ ಹಾಕಿಕೊಂಡೇ ಮಲಗಬಹುದೇ?

ಹಲ್ಲಿನ ಲ್ಯಾಬ್, ಮೈಸೂರು:
ರವಿಕೆಯ ಪ್ರೆಸ್ ಬಟನ್ ಇದ್ದಂತೆ. ತಿರುಪಿನ ಮೇಲೆ ಒಂದು ಗುಂಡಿ, ಸೆಟ್ಟಿನ ಒಳಗೆ ಅದನ್ನು ಹಿಡಿಯುವ ಬಟ್ಟಲು. ಬಟ್ಟಲಿನೊಳಗೆ ನೈಲಾನಿನ ಚಿಕ್ಕ ಉಂಗುರವಿರುತ್ತದೆ. ದಿನಾ ಹಾಕಿ ತೆಗೆದು ಅದು ಸವೆಯುತ್ತದೆ. ಹಿಡಿತ ಸಡಿಲವಾಯಿತು ಎಂದರೆ ಇಂಪ್ಲಾಂಟ್ ಹಾಳಾಯಿತು ಎಂದು ಗಾಬರಿಯಾಗಬೇಡಿ, ಉಂಗುರ ಬದಲಾಯಿಸುವುದು ಹತ್ತು ನಿಮಿಷದ ಕೆಲಸ. ಎಷ್ಟೋ ಜನರಿಗೆ ವರ್ಷಕ್ಕೊಮ್ಮೆ ಬೇಕಾಗುತ್ತದೆ. ಹಾಕಿಕೊಳ್ಳುವಾಗ ಬೆರಳಿನಿಂದ ಒತ್ತಿ ಕೂರಿಸಬೇಕು. ಬಾಯಿಗಿಟ್ಟು ಕಚ್ಚಿ ಕೂರಿಸುವವರ ಸೆಟ್ಟು ಮೊದಲು ನಮ್ಮ ಲ್ಯಾಬಿಗೆ ಬರುತ್ತದೆ.

ರಾತ್ರಿ ತೆಗೆದು, ಬ್ರಷ್ಷಿನಿಂದ ಉಜ್ಜಿ, ತಣ್ಣೀರಿನಲ್ಲಿ ಮುಳುಗಿಸಿಡಿ. ಕುದಿನೀರಿಗೆ ಹಾಕಿದರೆ ಸೆಟ್ಟು ಸೊಟ್ಟಗಾಗುತ್ತದೆ. ಬಾಯಲ್ಲಿರುವ ಎರಡು ಗುಂಡಿಗಳನ್ನೂ ಅದೇ ಹೊತ್ತಿನಲ್ಲಿ ಮೆತ್ತನೆಯ ಬ್ರಷ್ಷಿನಿಂದ ಸುತ್ತಲೂ ಉಜ್ಜಬೇಕು.

ಕಬ್ಬಿನಗದ್ದೆ, ಮದ್ದೂರು:
ಅಪ್ಪ ಸೆಟ್ಟನ್ನು ಹಲ್ಲುಪುಡಿಯಲ್ಲಿ ಉಜ್ಜುತ್ತಾರೆ. ಅದು ಸರಿಯೇ?

ಹಲ್ಲಿನ ಲ್ಯಾಬ್, ಮೈಸೂರು:
ಬೇಡ. ಪುಡಿಯಲ್ಲಿ ತರಿ ಇರುತ್ತದೆ, ಅಕ್ರಿಲಿಕ್ ಗೀಚಿಹೋಗಿ ಕಲೆ ಹಿಡಿಯುತ್ತದೆ. ಪಾತ್ರೆ ತೊಳೆಯುವ ದ್ರವದ ಒಂದು ಹನಿ ಹಾಕಿ ಉಜ್ಜಿ, ಚೆನ್ನಾಗಿ ತೊಳೆಯಲಿ. ಬೇಸಿನ್ನಿನಲ್ಲಿ ಅರ್ಧ ನೀರು ನಿಲ್ಲಿಸಿಕೊಂಡು ಉಜ್ಜಲು ಹೇಳಿ, ಕೈಜಾರಿದರೂ ಒಡೆಯುವುದಿಲ್ಲ.